ರೋಮಿನ ಇರುಳ ಬಂಡಿಗಳು: ಜುವೆನಾಲನ ಮೂರನೆಯ ವಿಡಂಬನೆಯಲ್ಲಿ ಸರಕುಸಾಗಣೆಯ ವಿಚಾರ

೧

ಲ್ಯಾಟಿನ್ ವಿಡಂಬನಕಾರರಲ್ಲಿ ಅತ್ಯಂತ ಉಗ್ರನೆನಿಸಿದ ಜುವೆನಾಲನು ರಚಿಸಿದ ಹದಿನಾರು ವಿಡಂಬನೆಗಳಲ್ಲಿ ಮೂರನೆಯದು ರೋಮ್ ನಗರದ ಬಾಳನ್ನು ಕುರಿತದ್ದು. ಅದು ಹುಟ್ಟಿದ ಕಾಲ ಕ್ರಿಸ್ತಶಕದ ಎರಡನೆಯ ಶತಮಾನದ ಆದಿಭಾಗ. ಕವಿಯ ಹಳೆಯ ಗೆಳೆಯನಾದ ಉಂಬ್ರಿಸಿಯಸ್ ಎಂಬವನು ರಾಜಧಾನಿಗೆ ಬೇಸತ್ತು ಕೂಮೇ ಎಂಬ ಕಡಲಕರೆಯ ಊರಿಗೆ ಹೊರಟಿದ್ದಾನೆ. ಅವನ ಮನೆಯ ಸಾಮಾನೆಲ್ಲವನ್ನೂ ಒಂದೇ ಗಾಡಿಗೆ ಹೇರುತ್ತಿರುವಷ್ಟರಲ್ಲಿ ಅವನು ಕಾಪೇನಾ ಬಾಗಿಲ ಬಳಿಯಲ್ಲಿ ನಿಂತು, ತಾನು ಊರು ಬಿಡಲು ಕಾರಣವೇನೆಂಬುದನ್ನು ಗೆಳೆಯನಿಗೆ ವಿಸ್ತರಿಸಿ ಹೇಳುತ್ತಾನೆ. ೩೨೨ ಪಂಕ್ತಿಗಳ ಈ ಕವನದಲ್ಲಿ ಮೊದಲ ಇಪ್ಪತ್ತನ್ನು ಬಿಟ್ಟರೆ ಉಳಿದುದೆಲ್ಲವೂ ಅವನ ಮಾತೇ.

ಆ ಮಾತಿನ ನಡುವೆ ಸರಕಿನ ಬಂಡಿಗಳು ಎರಡು ಸಲ ಹಾದುಹೋಗುತ್ತವೆ. ಒಮ್ಮೆ ಇರುಳಿನಲ್ಲಿ, ನಿದ್ದೆಗೇಡಿಗಳಾಗಿ. ಇನ್ನೊಮ್ಮೆ ಹಗಲಿನಲ್ಲಿ, ಪ್ರಾಣಾಂತಕಗಳಾಗಿ. ಈ ಎರಡು ಸ್ಥಳಗಳನ್ನು ಇದುವರೆಗೆ ಬಳಸಿಕೊಂಡವರು ಮುಖ್ಯವಾಗಿ ಎರಡು ಪಂಗಡದವರು. ಪುರಾತನ ನಗರಗಳ ಚರಿತ್ರೆಯನ್ನು ಬರೆಯುವವರು ಇವನ್ನು ಪುರಾವೆಯೆಂದು ಎತ್ತಿಕೊಂಡು, ರೋಮಿನಲ್ಲಿ ಹಗಲು ಬಂಡಿಗಳಿಗೆ ಪ್ರವೇಶವಿರಲಿಲ್ಲವೆಂಬುದಕ್ಕೆ ಆಧಾರವಾಗಿ ಅಡಿಟಿಪ್ಪಣಿಯಲ್ಲಿ ಸೇರಿಸಿ ಮುಂದೆ ಸಾಗುತ್ತಾರೆ. ಸಾಹಿತ್ಯವನ್ನು ಬೋಧಿಸುವವರು ಇವನ್ನು ಅತಿಶಯೋಕ್ತಿಯ ಸೊಗಸಾದ ಉದಾಹರಣೆಗಳೆಂದು ತೋರಿಸಿ ನಗಿಸುತ್ತಾರೆ. ಎರಡೂ ತಪ್ಪಲ್ಲ, ಆದರೆ ಎರಡೂ ಸಾಲವು. ಕವನದ ಈ ಭಾಗಗಳನ್ನು ಶಾಸನದ ಪಕ್ಕದಲ್ಲಿಟ್ಟು, ಪದಪದವಾಗಿ ಓದಿದರೆ, ಊರಿನ ಸರಕಿನ ವಿಷಯದಲ್ಲಿ ಯಾರ ಮಾತನ್ನು ಕೇಳಲಾಯಿತು, ಯಾರದನ್ನು ಕೇಳಲಿಲ್ಲ ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆಯನ್ನು ಕವಿ ಎಷ್ಟು ದೂರ ಕಂಡನು, ಎಲ್ಲಿ ಕಾಣದೆ ಹೋದನು ಎಂಬುದನ್ನು ನಿರ್ಣಯಿಸುವುದೇ ಇಲ್ಲಿಯ ಉದ್ದೇಶ.

೨

ಮೊದಲು ಶಾಸನದ ವಿಚಾರ. ಇಟಲಿಯ ದಕ್ಷಿಣದಲ್ಲಿ ಪ್ರಾಚೀನ ಹೆರಾಕ್ಲಿಯಾ ಪಟ್ಟಣವಿದ್ದ ಸ್ಥಳದ ಬಳಿ ೧೭೩೨ರಲ್ಲಿ ದೊರೆತ ಕಂಚಿನ ಫಲಕದ ಒಂದು ಮುಖದಲ್ಲಿ ದೇವಾಲಯದ ಭೂಮಿಗಳಿಗೆ ಸಂಬಂಧಿಸಿದ ಹಳೆಯ ಗ್ರೀಕ್ ಲೇಖವಿದೆ. ಇನ್ನೊಂದು ಮುಖದಲ್ಲಿ ರೋಮಿನ ಕಾನೂನಿನ ಲ್ಯಾಟಿನ್ ಪಾಠವನ್ನು ಕೊರೆಯಲಾಗಿದೆ. ಇದನ್ನು ಕ್ರಿ. ಪೂ. ೪೫ರ ಸುಮಾರಿಗೆ ಸೇರಿದುದೆಂದು ಹೇಳಿ ಜೂಲಿಯಸ್ ಸೀಸರನ ಹೆಸರಿಗೆ ಹತ್ತಿಸುವುದು ರೂಢಿ. ಇದು ಒಂದೇ ಕಾನೂನೋ ಹಲವು ಕಾನೂನುಗಳ ಸಂಗ್ರಹವೋ, ಇದರಲ್ಲಿ ಸೀಸರನ ಪಾಲೆಷ್ಟು ಎಂಬ ವಿಷಯದಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಪ್ರಕೃತ ವಿಚಾರಕ್ಕೆ ಬೇಕಾದ ಭಾಗದ ಅರ್ಥ ಸ್ಪಷ್ಟವಾಗಿದೆ.

ಮುಂದಿನ ಜನವರಿ ಮೊದಲ ದಿನದಿಂದ ರೋಮಿನಲ್ಲಿ ಮನೆಗಳು ಒತ್ತಾಗಿರುವ ಬೀದಿಗಳಲ್ಲಿ ಸೂರ್ಯೋದಯವಾದ ಮೇಲೆ ಹಗಲಿನ ಹತ್ತನೆಯ ಗಳಿಗೆಯವರೆಗೆ ಯಾರೂ ಬಂಡಿಯನ್ನು ಹೊಡೆಯಕೂಡದು ಎಂಬುದು ವಿಧಿ. ರೋಮನರು ಹಗಲನ್ನು ಹನ್ನೆರಡು ಪಾಲು ಮಾಡುತ್ತಿದ್ದುದರಿಂದ ಈ ಹತ್ತನೆಯ ಗಳಿಗೆಯೆಂಬುದು ಹೊತ್ತು ಇಳಿದ ಮೇಲಿನ ಸಮಯ. ವಿಧಿಯ ಹಿಂದೆಯೇ ವಿನಾಯಿತಿಗಳ ಸಾಲು ಬರುತ್ತದೆ. ದೇವತೆಗಳ ಗುಡಿಗಳನ್ನು ಕಟ್ಟುವುದಕ್ಕೆ ಬೇಕಾದುದನ್ನು ತರುವ ಬಂಡಿಗಳು. ಸಾರ್ವಜನಿಕ ಕಟ್ಟಡಗಳ ಕೆಲಸದ ಬಂಡಿಗಳು. ಸರಕಾರದ ಗುತ್ತಿಗೆಯಲ್ಲಿ ಕೆಡವಿದ ಕಟ್ಟಡದ ಅವಶೇಷವನ್ನು ಹೊರಸಾಗಿಸುವ ಬಂಡಿಗಳು. ವೆಸ್ಟಾ ದೇವಿಯ ಕನ್ಯೆಯರೂ ಮುಖ್ಯ ಪುರೋಹಿತರೂ ಪೂಜೆಯ ಕಾರ್ಯಕ್ಕಾಗಿ ಏರುವ ಬಂಡಿಗಳು. ವಿಜಯೋತ್ಸವ ಮತ್ತು ಸಾರ್ವಜನಿಕ ಆಟಗಳಿಗೆ ಸಂಬಂಧಿಸಿದವು. ಕಡೆಯಲ್ಲಿ, ರಾತ್ರಿ ಊರೊಳಕ್ಕೆ ಬಂದು ಬರಿದಾಗಿ ಹೊರಡುವ ಬಂಡಿಗಳೂ ಕಸಗೊಬ್ಬರವನ್ನು ಒಯ್ಯುವ ಬಂಡಿಗಳೂ. ಇವಕ್ಕೆಲ್ಲ ಹಗಲಿನಲ್ಲಿಯೂ ಎಡೆಯುಂಟು.

ಈ ಪಟ್ಟಿಯನ್ನು ಗಮನವಿಟ್ಟು ಓದಿದರೆ ಎರಡು ಸಂಗತಿಗಳು ತೋರುತ್ತವೆ. ಒಂದನೆಯದಾಗಿ, ವಿನಾಯಿತಿ ಪಡೆದವರೆಲ್ಲರೂ ರಾಜ್ಯದ ಅಥವಾ ದೇವರ ಕೆಲಸದವರು; ಊರಿನ ಗಲೀಜನ್ನು ಹೊರಹಾಕುವವನಿಗೆ ಕೂಡ ಎಡೆಯುಂಟು; ಊರಿಗೆ ಅನ್ನವನ್ನು ತರುವವನಿಗೆ ಇಲ್ಲ. ಎರಡನೆಯದಾಗಿ, ಇಲ್ಲಿ ಹೆಸರಿಸಿರುವುದು ಬಂಡಿಗಳನ್ನು ಮತ್ತು ಅವುಗಳ ಕಾರ್ಯವನ್ನು. ಹಿಟ್ಟಿಗಾಗಿ ಕಾದಿರುವ ರೊಟ್ಟಿಯವನು, ಎಣ್ಣೆಗಾಗಿ ಕಾದಿರುವ ಅಂಗಡಿಯವನು ಈ ಪಾಠದಲ್ಲಿ ಎಲ್ಲಿಯೂ ಇಲ್ಲ. ಹಗಲಿನ ಇಕ್ಕಟ್ಟನ್ನು ಕಳೆಯಬೇಕೆಂಬುದು ಕಾನೂನಿನ ಉದ್ದೇಶವಾಗಿದ್ದಿರಬೇಕು, ಅದು ನಿಂದ್ಯವಾದುದಲ್ಲ. ಆದರೆ ಹಗಲಿನಿಂದ ತಳ್ಳಿದ ಹೊರೆ ಎಲ್ಲಿಯೋ ಇಳಿಯಲೇಬೇಕಷ್ಟೆ. ಅದು ಇಳಿದುದು ಯಾರ ಮೇಲೆ ಎಂಬುದನ್ನು ಕಂಚಿನ ಫಲಕ ಹೇಳುವುದಿಲ್ಲ. ಸುಮಾರು ಒಂದೂವರೆ ಶತಮಾನದ ತರುವಾಯ ಜುವೆನಾಲನ ಕವನ ಹೇಳುತ್ತದೆ.

೩

ಇರುಳಿನ ಭಾಗ ೨೩೨ನೆಯ ಪಂಕ್ತಿಯಿಂದ ಆರಂಭವಾಗುತ್ತದೆ. ಈ ಊರಿನಲ್ಲಿ ರೋಗಿಯು ಹೆಚ್ಚಾಗಿ ಸಾಯುವುದು ನಿದ್ದೆಯಿಲ್ಲದೆ ಎಂದು ಉಂಬ್ರಿಸಿಯಸ್ ಹೇಳುತ್ತಾನೆ. ಬಾಡಿಗೆಯ ಕೊಠಡಿಯಲ್ಲಿ ನಿದ್ದೆಯೆಲ್ಲಿಯದು? ನಗರದಲ್ಲಿ ನಿದ್ರಿಸಬೇಕಾದರೆ ಬಹಳ ಹಣ ಬೇಕು. ಇಕ್ಕಟ್ಟಾದ ಬೀದಿಗಳ ತಿರುವುಗಳಲ್ಲಿ ಗಾಡಿಗಳು ಹಾದುಹೋಗುವ ಸದ್ದು, ನಿಂತುಹೋದ ದನದ ಹಿಂಡಿನ ಸುತ್ತ ಎದ್ದ ಬಯ್ಗುಳ, ಇವು ದ್ರೂಸುಸನ ನಿದ್ದೆಯನ್ನೂ ಕಡಲ ಸೀಲುಗಳ ನಿದ್ದೆಯನ್ನೂ ಕೆಡಿಸಬಲ್ಲವು ಎಂಬುದು ಆ ಸ್ಥಳದ ತಾತ್ಪರ್ಯ. ದ್ರೂಸುಸ್ ಎಂದರೆ ನಿದ್ದೆಬಡುಕನೆಂದು ಹೆಸರಾದ ಕ್ಲಾಡಿಯಸ್ ಚಕ್ರವರ್ತಿಯೆಂದು ಹಲವರು ವ್ಯಾಖ್ಯಾನಿಸಿದ್ದಾರೆ. ಸೀಲುಗಳ ಗಾಢನಿದ್ರೆ ಪ್ರಾಚೀನರಲ್ಲಿ ಗಾದೆಯಾಗಿದ್ದಿತು. ಚಕ್ರವರ್ತಿಯನ್ನೂ ಕಡಲಪ್ರಾಣಿಯನ್ನೂ ಒಂದೇ ಉಸಿರಿನಲ್ಲಿ ಹೇಳಿರುವುದರಿಂದ ಹುಟ್ಟುವ ನಗೆ ಇಲ್ಲಿಯ ಮೊದಲ ಗುಣ. ಆದರೆ ಆ ನಗೆಯ ಹಿಂದೆ ಗಟ್ಟಿಯಾದ ವಿಚಾರವೊಂದುಂಟು.

ಜುವೆನಾಲನು ಸದ್ದನ್ನು ಬರಿಯ ಸದ್ದೆಂದು ಬಣ್ಣಿಸುವುದಿಲ್ಲ. ನಿದ್ದೆಯನ್ನು ಕೊಳ್ಳಬೇಕಾದ ವಸ್ತುವೆಂದು ಕಾಣಿಸುತ್ತಾನೆ. ಅದಕ್ಕೆ ಸಾಕ್ಷಿಯಾಗಿ ಮರುಕ್ಷಣವೇ ಧನಿಕನೊಬ್ಬನ ಪಲ್ಲಕ್ಕಿಯನ್ನು ಬೀದಿಗೆ ತರುತ್ತಾನೆ. ಜನರ ತಲೆಗಳ ಮೇಲೆ ತೇಲಿಹೋಗುವ ಆ ಪಲ್ಲಕ್ಕಿಯೊಳಗೆ ಧನಿಕನು ಓದಬಹುದು, ಬರೆಯಬಹುದು, ನಿದ್ದೆಯನ್ನೂ ಮಾಡಬಹುದು; ಮುಚ್ಚಿದ ಕಿಟಕಿಯೇ ನಿದ್ದೆ ತರಿಸುತ್ತದೆ. ಬಡವನಿಗೆ ಇರುಳಿನಲ್ಲಿ ಮನೆಯೊಳಗೂ ದೊರೆಯದ ನಿದ್ದೆ ಧನಿಕನಿಗೆ ಹಗಲಿನಲ್ಲಿ ನಡುಬೀದಿಯಲ್ಲಿಯೂ ದೊರೆಯುತ್ತದೆ. ಎರಡು ಚಿತ್ರಗಳನ್ನು ಹೀಗೆ ಒತ್ತಿನಲ್ಲಿಟ್ಟಿರುವುದು ಆಕಸ್ಮಿಕವಲ್ಲ. ಬಂಡಿಗಳನ್ನು ಇರುಳಿಗೆ ತಳ್ಳಿದ್ದರಿಂದ ಹಗಲಿನ ಬೀದಿ ಯಾರಿಗೆ ತೆರವಾಯಿತು, ಆ ತೆರವಿಗೆ ಬೆಲೆ ತೆತ್ತವರು ಯಾರು ಎಂಬುದನ್ನು ಈ ಜೋಡಣೆ ಯಾವ ವ್ಯಾಖ್ಯಾನವೂ ಇಲ್ಲದೆ ತಿಳಿಸುತ್ತದೆ. ನಗರದ ಸೌಕರ್ಯದ ಲೆಕ್ಕವನ್ನು ನಿದ್ದೆಯ ಬೆಲೆಯಲ್ಲಿ ಮಾಡಿ ತೋರಿಸಿದುದು ಈ ಕವನದ ಹಿರಿಮೆ.

ಇದೇ ಸ್ಥಳದಲ್ಲಿ ಓದುಗರು ಸಾಮಾನ್ಯವಾಗಿ ದಾಟಿಹೋಗುವ ಪದವೊಂದಿದೆ. ಬಯ್ಗುಳ ಏಳುವುದು ಹಿಂಡಿನ ಸುತ್ತ; ಆ ಹಿಂಡಿಗೆ ಕವಿ ಕೊಟ್ಟಿರುವ ವಿಶೇಷಣ "ನಿಂತಿರುವ" ಎಂಬರ್ಥದ್ದು. ಬೀದಿಗೆ ಹಾಕಿದ ವಿಶೇಷಣ "ಇಕ್ಕಟ್ಟಾದ" ಎಂಬುದು. ಈ ಎರಡನ್ನೂ ಕೂಡಿಸಿದರೆ, ಹಿಂಡನ್ನು ಹೊಡೆಯುವವನು ಬಯ್ಯುವುದು ದುಷ್ಟತನದಿಂದಲ್ಲ, ಮುಂದೆ ಹೋಗಲು ದಾರಿಯಿಲ್ಲದುದರಿಂದ ಎಂಬುದು ಹೊಳೆಯುತ್ತದೆ. ಮೇಲಿನ ಕೊಠಡಿಯಲ್ಲಿ ಹೊರಳಾಡುವವನಿಗೂ ಕೆಳಗಿನ ತಿರುವಿನಲ್ಲಿ ಸಿಕ್ಕಿಕೊಂಡವನಿಗೂ ಸಂಕಟದ ಮೂಲ ಒಂದೇ. ಅವನೂ ನಿದ್ದೆಗೆಟ್ಟವನೇ. ಕವಿಯ ಪದಗಳು ಇಷ್ಟನ್ನು ಬಲ್ಲವು. ಕವಿಯ ಪಾತ್ರವಾದ ಉಂಬ್ರಿಸಿಯಸನು ಮಾತ್ರ ಅದನ್ನು ಅರಿಯನು. ಅವನಿಗೆ ಕೆಳಗಿನಿಂದ ಕೇಳಿಬರುವುದು ಗದ್ದಲ, ಅಷ್ಟೆ.

೪

ಹಗಲಿನ ಭಾಗಕ್ಕೆ ಬಂದರೆ ಅಲ್ಲಿಯೂ ಬಂಡಿಗಳಿವೆ. ಇದನ್ನು ಕಂಡು ಕೆಲವರಿಗೆ ತೊಡಕಾಗಬಹುದು. ಹಗಲು ಬಂಡಿಗಳಿಗೆ ಪ್ರವೇಶವೇ ಇಲ್ಲದಿದ್ದರೆ ಇವು ಬಂದುದೆಲ್ಲಿಂದ? ಉತ್ತರ ಅವುಗಳ ಹೊರೆಯಲ್ಲಿದೆ. ಒಂದರ ಮೇಲೆ ಉದ್ದವಾದ ತೊಲೆಯೊಂದು ತೂಗಾಡುತ್ತದೆ. ಇನ್ನೊಂದು ದೇವದಾರುವಿನ ಜಾತಿಯ ಮರವನ್ನು ಹೊತ್ತಿದೆ. ಮೂರನೆಯದರ ಮೇಲೆ ಲಿಗೂರಿಯಾದಿಂದ ಬಂದ ಅಮೃತಶಿಲೆಯ ಬಂಡೆಗಳು. ಅಚ್ಚು ಮುರಿದು ಆ ಕಲ್ಲಿನ ಬೆಟ್ಟ ಜನರ ಮೇಲೆ ಸುರಿದರೆ ದೇಹಗಳಲ್ಲಿ ಉಳಿಯುವುದೇನು ಎಂದು ಉಂಬ್ರಿಸಿಯಸ್ ಕೇಳುತ್ತಾನೆ. ಮರ, ಕಲ್ಲು: ಎರಡೂ ಕಟ್ಟಡದ ಸಾಮಗ್ರಿಗಳೇ. ಹಿಟ್ಟಿನ ಬಂಡಿಯಿಲ್ಲ, ಎಣ್ಣೆಯ ಬಂಡಿಯಿಲ್ಲ, ತರಕಾರಿಯ ಬಂಡಿಯಿಲ್ಲ. ಕಾನೂನು ಹಗಲಿನಲ್ಲಿ ಯಾವುದಕ್ಕೆ ಎಡೆಗೊಟ್ಟಿತೋ ಅದನ್ನೇ ಹೋಲುವ ಬಂಡಿಗಳು ಕವನದ ಹಗಲಿನಲ್ಲಿ ಜನರನ್ನು ಕೊಲ್ಲುತ್ತವೆ. ಶಾಸನದ ವಿನಾಯಿತಿಪಟ್ಟಿಗೂ ಕವನದ ಅಪಾಯಪಟ್ಟಿಗೂ ಇರುವ ಈ ಹೊಂದಿಕೆ ಕವನದ ಅರ್ಥಕ್ಕೆ ಅವಶ್ಯವಾದುದು. ಸಾಮಾನ್ಯನ ಸರಕು ಇರುಳಿಗೆ ಹೋಯಿತು. ರಾಜ್ಯದ ಸರಕು ಹಗಲಿನಲ್ಲಿಯೇ ಉಳಿಯಿತು. ಎರಡೂ ಕಡೆಗಳಲ್ಲಿ ನೊಂದವನು ಕಾಲ್ನಡಿಗೆಯ ಬಾಡಿಗೆದಾರನು.

ಈ ವಿಷಯದಲ್ಲಿ ಜುವೆನಾಲನೊಬ್ಬನೇ ಸಾಕ್ಷಿಯಲ್ಲ. ಅವನಿಗಿಂತ ಒಂದು ಶತಮಾನಕ್ಕೂ ಹಿಂದಿನ ಹೊರೇಸನು, ಗುತ್ತಿಗೆದಾರನೊಬ್ಬನು ಹೇಸರಗತ್ತೆಗಳೊಡನೆ ಧಾವಿಸುವುದನ್ನೂ ಶವಯಾತ್ರೆಗಳು ಭಾರವಾದ ಬಂಡಿಗಳೊಡನೆ ಸೆಣಸುವುದನ್ನೂ ಹೇಳಿ, ಇಂಥ ಬೀದಿಯಲ್ಲಿ ಪದ್ಯ ಬರೆಯುವುದೆಂತು ಎಂದು ಕೇಳಿದ್ದಾನೆ. ಸಮಕಾಲೀನನಾದ ಮಾರ್ಷಿಯಲನು ಸುಬೂರಾ ಕೇರಿಯ ಏರಿನಲ್ಲಿ ಹೇಸರಗತ್ತೆಗಳ ಸಾಲನ್ನೂ ಹಗ್ಗ ಕಟ್ಟಿ ಎಳೆಯುವ ಅಮೃತಶಿಲೆಯನ್ನೂ ದಾಟಲಾರದೆ ಬಳಲಿದುದನ್ನು ಚುಟುಕದಲ್ಲಿ ಹೇಳಿದ್ದಾನೆ. ಇವರಿಬ್ಬರಿಗೂ ಬಂಡಿ ಒಂದು ಕಿರುಕುಳ ಮಾತ್ರ. ಇದಕ್ಕೆ ವಿರುದ್ಧವಾದ ಸಾಕ್ಷ್ಯ ಕಿರಿಯ ಪ್ಲಿನಿಯದು. ಕ್ರಿ. ಶ. ೧೦೦ರಲ್ಲಿ ಟ್ರಾಜನ್ ಚಕ್ರವರ್ತಿಯನ್ನು ಹೊಗಳಿ ಮಾಡಿದ ಭಾಷಣದಲ್ಲಿ ಅವನು, ಈ ಪ್ರಭುವು ಕಟ್ಟಡಗಳ ವಿಷಯದಲ್ಲಿ ಮಿತಿಯುಳ್ಳವನಾದುದರಿಂದ ಭಾರೀ ಕಲ್ಲುಗಳ ಸಾಗಣೆಯಿಂದ ಊರಿನ ಮಾಡುಗಳು ಹಿಂದಿನಂತೆ ನಡುಗುತ್ತಿಲ್ಲವೆಂದು ಕೊಂಡಾಡುತ್ತಾನೆ. ಅದೇ ಟ್ರಾಜನನು ಮುಂದೆ ೧೦೯ರಲ್ಲಿ ತನ್ನ ಹೆಸರಿನ ಸ್ನಾನಗೃಹಗಳನ್ನೂ ೧೧೨ರಲ್ಲಿ ತನ್ನ ಮಹಾಚೌಕವನ್ನೂ ನಗರಕ್ಕೆ ಅರ್ಪಿಸಿದನು. ಹೊಗಳಿಕೆಯ ಗದ್ಯಕ್ಕೂ ವಿಡಂಬನೆಯ ಪದ್ಯಕ್ಕೂ ಇರುವ ಭೇದವನ್ನು ವಿದ್ಯಾರ್ಥಿಗಳಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಜೋಡಿ ದೊರೆಯುವುದು ಅಪೂರ್ವ. ಒಂದೇ ಬಗೆಯ ಕಲ್ಲು, ಒಂದೇ ಕಾಲಮಾನ. ಒಬ್ಬನು ಅರಮನೆಯ ಕಡೆಯಿಂದ ನೋಡಿದನು, ಮತ್ತೊಬ್ಬನು ಅಚ್ಚಿನ ಕೆಳಗಿನಿಂದ ನೋಡಿದನು.

ಕಲ್ಲು ಬಿದ್ದ ತರುವಾಯದ ಚಿತ್ರ ಇನ್ನೂ ಹೃದಯವೇಧಕವಾದುದು. ಸತ್ತವನ ಮನೆಯಲ್ಲಿ ಏನೂ ತಿಳಿಯದ ಆಳುಗಳು ತಟ್ಟೆಗಳನ್ನು ತೊಳೆಯುತ್ತಿದ್ದಾರೆ, ಬೆಂಕಿಯನ್ನು ಊದುತ್ತಿದ್ದಾರೆ, ಸ್ನಾನಕ್ಕೆ ಎಣ್ಣೆಯನ್ನು ಅಣಿಗೊಳಿಸುತ್ತಿದ್ದಾರೆ. ಯಜಮಾನನಾದರೋ ದೋಣಿಯವನಿಗೆ ಕೊಡಲು ಬಾಯಲ್ಲಿ ಕಾಸಿಲ್ಲದೆ ಯಮಲೋಕದ ನದಿಯ ದಡದಲ್ಲಿ ಕುಳಿತಿದ್ದಾನೆ. ಇಲ್ಲಿ ಹಾಸ್ಯ ಕರುಣಕ್ಕೆ ತಿರುಗಿ ಮತ್ತೆ ಹಾಸ್ಯಕ್ಕೆ ಮರಳುತ್ತದೆ. ಬೀದಿಯ ಬಂಡಿಯಿಂದ ಸತ್ತವನು ಪರಲೋಕದಲ್ಲಿಯೂ ಸಾಗಣೆಯ ಕೂಲಿಗಾಗಿ ಕಾದಿರಬೇಕಾಗಿ ಬಂದುದು ಜುವೆನಾಲನ ಕ್ರೂರವಾದ ಚಾತುರ್ಯಕ್ಕೆ ತಕ್ಕುದಾಗಿದೆ.

೫

ಇಷ್ಟಕ್ಕೆ ಮೂರು ಆಕ್ಷೇಪಗಳು ಬರಬಹುದು. ಉಂಬ್ರಿಸಿಯಸನು ಕವಿಯಲ್ಲ, ಕವಿಯ ಸೃಷ್ಟಿ. ಅವನ ಮಾತನ್ನು ಕವಿಯ ಮತವೆಂದು ಹಿಡಿಯಲಾಗದು ಎಂಬುದು ಮೊದಲನೆಯದು. ಇದು ಒಪ್ಪತಕ್ಕುದೇ. ಪರದೇಶದವರನ್ನು ಕುರಿತು ಅವನಾಡುವ ಕಟುವಾದ ಮಾತುಗಳನ್ನು ನೋಡಿದರೆ ಅವನು ಪಕ್ಷಪಾತಿಯೆಂಬುದು ನಿಶ್ಚಯ. ಆದರೆ ಈ ಆಕ್ಷೇಪ ಪ್ರಸ್ತುತ ವಾದಕ್ಕೆ ಬಾಧಕವಾಗದೆ ಪೋಷಕವೇ ಆಗುತ್ತದೆ. ಅವನು ಕೇಳಿಸಿಕೊಳ್ಳದುದನ್ನು ಕವನ ಕೇಳಿಸುತ್ತದೆಯೆ ಎಂಬುದೇ ಇಲ್ಲಿಯ ಪ್ರಶ್ನೆ.

ಸೀಸರನ ಕಾಲದ ಕಾನೂನು ಜುವೆನಾಲನ ಕಾಲಕ್ಕೆ ಹಾಗೆಯೇ ನಡೆಯುತ್ತಿದ್ದಿತೆಂದು ಹೇಗೆ ಹೇಳುವುದು ಎಂಬುದು ಎರಡನೆಯದು. ಅಕ್ಷರಶಃ ಹಾಗೆಯೇ ಇದ್ದಿತೆಂದು ಸಾಧಿಸಬೇಕಾಗಿಲ್ಲ. ಈ ಬಗೆಯ ನಿಯಂತ್ರಣ ನಿಂತುಹೋಗಿರಲಿಲ್ಲವೆಂಬುದಕ್ಕೆ ಬೇರೆ ಆಧಾರಗಳುಂಟು. ಪ್ರಯಾಣಿಕರು ಇಟಲಿಯ ಪಟ್ಟಣಗಳನ್ನು ಕಾಲ್ನಡಿಗೆಯಿಂದಲೋ ಕುರ್ಚಿ ಪಲ್ಲಕ್ಕಿಗಳಿಂದಲೋ ಮಾತ್ರ ದಾಟಬೇಕೆಂದು ಕ್ಲಾಡಿಯಸನು ಆಜ್ಞೆ ಹೊರಡಿಸಿದುದನ್ನು ಸೂಟೋನಿಯಸನು ಬರೆದಿದ್ದಾನೆ. ೧೧೭ರಿಂದ ೧೩೮ರವರೆಗೆ ಆಳಿದ ಹೇಡ್ರಿಯನನು ಭಾರೀ ಹೊರೆಯ ಬಂಡಿಗಳು ನಗರವನ್ನು ಪ್ರವೇಶಿಸದಂತೆ ತಡೆದನೆಂದು ಅವನ ಪ್ರಾಚೀನ ಜೀವನಚರಿತ್ರೆ ಹೇಳುತ್ತದೆ. ಅಪ್ಪಣೆಯ ಮೇಲೆ ಅಪ್ಪಣೆ ಹೊರಡಿಸಬೇಕಾಗಿ ಬಂದುದೇ ಹಿಂದಿನ ಅಪ್ಪಣೆಗಳು ಪೂರ್ತಿಯಾಗಿ ಸಾಗಲಿಲ್ಲವೆಂಬುದರ ಸೂಚನೆಯೆಂದು ಊಹಿಸಲು ಎಡೆಯುಂಟು.

ಇರುಳಿನ ಭಾಗದಲ್ಲಿ ಕವಿ ಬಳಸಿದ ಪದ ಸರಕಿನ ಬಂಡಿಗೆ ಕಾನೂನು ಬಳಸಿದ ಪದವಲ್ಲ ಎಂಬುದು ಮೂರನೆಯದು. ಕವಿ ಹೇಳುವುದು "ರೇಡಾ" ಎಂಬ ನಾಲ್ಕು ಗಾಲಿಯ ಗಾಡಿಯನ್ನು. ಇದು ಜನರನ್ನೂ ಅವರ ಸಾಮಾನನ್ನೂ ಒಯ್ಯುವಂಥದು. ಈ ಆಕ್ಷೇಪ ಸೂಕ್ಷ್ಮವಾದುದು. ಇದನ್ನು ಬೆನ್ನಟ್ಟಿದರೆ ಕವನದ ಮರ್ಮವೇ ಕೈಗೆ ಸಿಕ್ಕುತ್ತದೆ. ಏಕೆಂದರೆ ಕವನದ ಹತ್ತನೆಯ ಪಂಕ್ತಿಯಲ್ಲಿ ಉಂಬ್ರಿಸಿಯಸನ ಮನೆಯ ಸಾಮಾನೆಲ್ಲವನ್ನೂ ಹೇರುತ್ತಿರುವುದು ಇದೇ ಹೆಸರಿನ ಗಾಡಿಗೆ. ಯಾವ ಗಾಡಿಯ ಸದ್ದು ತನ್ನ ನಿದ್ದೆಯನ್ನು ಕೆಡಿಸಿತೆಂದು ಅವನು ದೂರುತ್ತಾನೋ ಅದೇ ಬಗೆಯ ಗಾಡಿಯನ್ನು ನೆಮ್ಮಿ ಅವನು ಊರು ಬಿಡುತ್ತಿದ್ದಾನೆ. ಅವನ ಗಾಡಿಯೂ ಯಾವುದೋ ತಿರುವಿನಲ್ಲಿ ಯಾರದೋ ನಿದ್ದೆಯನ್ನು ಕೆಡಿಸಿಯೇ ಹೋಗಬೇಕು. ನಗರದಲ್ಲಿ ಬಾಳುವವನು ಬಂಡಿಯಿಂದ ನೋಯುವವನೂ ಹೌದು, ಬಂಡಿಯಿಲ್ಲದೆ ಬಾಳಲಾರದವನೂ ಹೌದು. ಕವಿ ಇದನ್ನು ಎಲ್ಲಿಯೂ ಬಾಯಿಬಿಟ್ಟು ಹೇಳುವುದಿಲ್ಲ. ಒಂದೇ ಪದವನ್ನು ಎರಡು ಕಡೆ ಇಟ್ಟು ಸುಮ್ಮನಾಗುತ್ತಾನೆ.

೬

ಇನ್ನು ಗಾಡಿಯವನ ವಿಚಾರ. ಉಂಬ್ರಿಸಿಯಸನ ಮಾತು ಮುಗಿಯುವುದು ತನಗೆ ಹೇಳಲು ಬೇರೇನೂ ಇಲ್ಲದುದರಿಂದಲ್ಲ. ಪ್ರಾಣಿಗಳು ಕರೆಯುತ್ತಿವೆ, ಹೊತ್ತು ಇಳಿಯುತ್ತಿದೆ, ಹೇಸರಗತ್ತೆಯವನು ಆಗಿನಿಂದ ಬಾರುಕೋಲನ್ನು ಆಡಿಸಿ ಸನ್ನೆ ಮಾಡುತ್ತಿದ್ದಾನೆ. ಆದುದರಿಂದ ಹೊರಡಬೇಕು ಎಂದು ಅವನು ೩೧೬ನೆಯ ಪಂಕ್ತಿಯಿಂದಾಚೆಗೆ ಬೀಳ್ಕೊಳ್ಳುತ್ತಾನೆ. "ಆಗಿನಿಂದ" ಎಂಬ ಅರ್ಥವುಳ್ಳ ಆ ಚಿಕ್ಕ ಪದದಲ್ಲಿ ಬಹಳ ಅಡಗಿದೆ. ಮುನ್ನೂರು ಪಂಕ್ತಿಗಳ ಉದ್ದಕ್ಕೂ ಊರಿನ ಬಂಡಿಗಳನ್ನು ಬಯ್ಯುತ್ತಿದ್ದವನ ಪಕ್ಕದಲ್ಲಿಯೇ ಬಂಡಿಯವನೊಬ್ಬನು ಕಾದು ನಿಂತಿದ್ದಾನೆ. ಅವನಿಗೆ ಮಾತಿಲ್ಲ, ಸನ್ನೆ ಮಾತ್ರ ಉಂಟು. ಹೊತ್ತು ಇಳಿಯುವುದೆಂದರೆ ಕಾನೂನಿನ ಹತ್ತನೆಯ ಗಳಿಗೆಯೇ ಎಂದು ಹೇಳುವುದು ಸಾಹಸವಾದೀತು. ಗಾಡಿ ನಗರದ ಬಾಗಿಲಲ್ಲಿ ನಿಂತಿದೆಯೇ ಹೊರತು ಒತ್ತುಮನೆಗಳ ಬೀದಿಯಲ್ಲಿಲ್ಲ. ಆದರೂ ಇಳಿಹೊತ್ತಿನ ಬೆಲೆಯನ್ನು ಬಲ್ಲವನು ಅಲ್ಲಿ ಅವನೊಬ್ಬನೇ. ಊರೆಲ್ಲದರ ದೂರನ್ನು ಕೇಳಿದ ಕವನ ಕಟ್ಟಕಡೆಗೆ ನಿಲ್ಲುವುದು ಅವನ ಸನ್ನೆಯಿಂದ.

ಈ ಸನ್ನೆಯ ಮಹತ್ವವನ್ನು ಅರಿಯಲು ಅದು ಕಾಣೆಯಾದ ಕೃತಿಯನ್ನು ನೋಡಬೇಕು. ಇಂಗ್ಲಿಷಿನ ಸ್ಯಾಮ್ಯುಅಲ್ ಜಾನ್ಸನನು ೧೭೩೮ರಲ್ಲಿ ಪ್ರಕಟಿಸಿದ "ಲಂಡನ್" ಎಂಬ ಕವನ ಈ ಮೂರನೆಯ ವಿಡಂಬನೆಯ ಅನುಕರಣ. ರೋಮಿನ ಸ್ಥಾನದಲ್ಲಿ ಲಂಡನ್, ಉಂಬ್ರಿಸಿಯಸನ ಸ್ಥಾನದಲ್ಲಿ ಥೇಲ್ಸ್, ಕೂಮೆಯ ಸ್ಥಾನದಲ್ಲಿ ವೇಲ್ಸ್ ಸೀಮೆ. ಭ್ರಷ್ಟಾಚಾರ, ಬಡತನದ ಅವಮಾನ, ಬೆಂಕಿಯ ಅನಾಹುತ, ರಾತ್ರಿಯ ಪುಂಡರು ಎಲ್ಲವೂ ಬಂದಿವೆ. ಆದರೆ ನಿದ್ದೆಗೆಡಿಸುವ ಗಾಡಿಗಳೂ ಕಲ್ಲುಬಂಡಿಯೂ ಬಂದಿಲ್ಲ. ಕಡೆಯಲ್ಲಿ ಥೇಲ್ಸನನ್ನು ಹೊರಡಿಸುವುದು ಸಿದ್ಧವಾದ ದೋಣಿ ಮತ್ತು ಇಳಿಯುವ ಉಬ್ಬರ. ಬಾರುಕೋಲಿನವನ ಸ್ಥಳದಲ್ಲಿ ಮನುಷ್ಯನಿಲ್ಲ. ಜಾನ್ಸನನ ಕೋಪ ರಾಜಕೀಯದ ಕಡೆಗೆ ತಿರುಗಿದ್ದುದರಿಂದ ಬೀದಿಯ ವ್ಯವಹಾರ ಅವನಿಗೆ ಬೇಕಾಗಲಿಲ್ಲವೆಂದು ಸಮಾಧಾನ ಹೇಳಬಹುದು. ಕವನ ಗಂಭೀರವಾಯಿತು, ನಿಜ. ಆದರೆ ನಗರವು ದಿನದಿನವೂ ಹೇರಿ ಇಳಿಸುವ ಕೈಗಳಿಂದ ಬದುಕುತ್ತದೆಂಬ ಅರಿವು ಅದರಿಂದ ಜಾರಿಹೋಯಿತು. ಜುವೆನಾಲನಲ್ಲಿ ಆ ಅರಿವು ಮೂಕವಾಗಿಯಾದರೂ ಉಳಿದಿದೆ.

೭

ಆದರೆ ಜುವೆನಾಲನೂ ಕಾಣದೆ ಬಿಟ್ಟವನೊಬ್ಬನಿದ್ದಾನೆ, ಸರಕನ್ನು ಇಳಿಸಿಕೊಳ್ಳುವವನು. ಬಂಡಿ ಯಾವ ಹೊತ್ತಿಗೆ ಬರಬೇಕೆಂಬುದನ್ನು ಬಂಡಿಯವನು ತಾನೇ ಗೊತ್ತುಮಾಡಲಾರನು. ಬಾಗಿಲು ತೆರೆದು ಎಣಿಸಿ ತೆಗೆದುಕೊಳ್ಳುವವನಿದ್ದಾಗ ಮಾತ್ರ ಅವನ ಬರವು ಸಾರ್ಥಕ. ಮಾರ್ಷಿಯಲನ ಇನ್ನೊಂದು ಚುಟುಕದಲ್ಲಿ ಬೆಳಗ್ಗೆ ಶಾಲೆಯ ಉಪಾಧ್ಯಾಯರೂ ರಾತ್ರಿ ರೊಟ್ಟಿಯವರೂ ಹಗಲೆಲ್ಲ ತಾಮ್ರದ ಕೆಲಸದವರೂ ನಿದ್ದೆಗೆಡಿಸುವರೆಂಬ ದೂರಿದೆ. ರಾತ್ರಿಯೆಲ್ಲ ಎಚ್ಚರವಿರುವ ರೊಟ್ಟಿಯವನಿಗೆ ಇರುಳ ಬಂಡಿ ಅನುಕೂಲವೇ ಆಗಿದ್ದಿರಬಹುದು. ಹಗಲು ಮಾತ್ರ ಅಂಗಡಿ ತೆರೆಯುವವನಿಗೆ ಅದು ದಂಡವಾಗಿದ್ದಿರಬಹುದು. ಈ ಭೇದವನ್ನು ಶಾಸನವೂ ಗಮನಿಸಲಿಲ್ಲ, ಕವನವೂ ಗಮನಿಸಲಿಲ್ಲ.

ಇದು ಪುರಾತನರ ಮೇಲೆ ಇಂದಿನವರ ವಿವೇಕವನ್ನು ಹೇರುವ ಮಾತೆಂದು ತೋರಬಾರದು. ಇಂದಿನ ನಗರಗಳೂ ಇದೇ ಪಾಠವನ್ನು ತಡವಾಗಿಯೇ ಕಲಿತಿವೆ. ಲಂಡನ್ ಮಹಾನಗರದ ಆಡಳಿತಸಭೆ ೧೯೮೫ರಲ್ಲಿ ಭಾರವಾದ ಲಾರಿಗಳ ರಾತ್ರಿಸಂಚಾರವನ್ನೂ ವಾರಾಂತ್ಯದ ಸಂಚಾರವನ್ನೂ ನಿರ್ಬಂಧಿಸಿತು. ಸೀಸರನ ಕಾನೂನು ಹಗಲನ್ನು ಕಾಯ್ದರೆ ಇದು ಇರುಳನ್ನು ಕಾಯ್ದಿತು. ಮಲಗುವವರ ದೂರು ಕಡೆಗೂ ಕಾನೂನಾಯಿತೆನ್ನಬಹುದು. ಆದರೆ ೨೦೧೨ರ ಒಲಿಂಪಿಕ್ ಕ್ರೀಡೆಗಳಿಗಾಗಿ ಹಗಲಿನ ರಸ್ತೆಗಳು ಬೇಕಾದಾಗ ಅಂಗಡಿಗಳ ಸರಕನ್ನು ಇರುಳಿನಲ್ಲಿ ತರಿಸಬೇಕಾಗಿ ಬಂದಿತು. ಆಗ ಸದ್ದಿಲ್ಲದೆ ಇಳಿಸುವ ಕ್ರಮಗಳನ್ನು ಸಾಗಣೆಯವರೊಡನೆಯೂ ಅಂಗಡಿಯವರೊಡನೆಯೂ ಕುಳಿತು ಗೊತ್ತುಪಡಿಸಬೇಕಾಯಿತು. ಹಾಲೆಂಡಿನಲ್ಲಿ ೧೯೯೮ರ ನಿಯಮ ಇನ್ನೊಂದು ದಾರಿಯನ್ನು ಹಿಡಿಯಿತು. ಬಂಡಿಯನ್ನು ತಡೆಯದೆ ಸದ್ದನ್ನು ಅಳೆಯಿತು. ಹೇರಿಳಿಸುವ ಸದ್ದು ಸಂಜೆ ಏಳರಿಂದ ಹನ್ನೊಂದರವರೆಗೆ ೬೫ ಡೆಸಿಬೆಲ್, ಅಲ್ಲಿಂದ ಬೆಳಗ್ಗೆ ಏಳರವರೆಗೆ ೬೦ ಡೆಸಿಬೆಲ್ ಮೀರಬಾರದೆಂದು ಗೊತ್ತುಮಾಡಿ, ಬಳಿಕ ಗಾಡಿ ಮಾಡುವವರೂ ಸಾಗಿಸುವವರೂ ಅಂಗಡಿಯವರೂ ಸೇರಿ ಕೈಗಾಡಿಯ ಗಾಲಿ, ಲಾರಿಯ ಹಿಂಬದಿಯ ಎತ್ತುಗ, ನೆಲ ಇವನ್ನೆಲ್ಲ ಮೆತ್ತಗಾಗಿಸುವ ಉಪಾಯಗಳನ್ನು ಹುಡುಕಿದರು. ಉಂಬ್ರಿಸಿಯಸನಿಗೆ ಒಂದೇ ಗದ್ದಲವಾಗಿ ಕೇಳಿದುದನ್ನು ಇವರು ಗಾಲಿಯದೆಷ್ಟು, ಬಾಗಿಲದೆಷ್ಟು, ಬಾಯಿಯದೆಷ್ಟು ಎಂದು ಬಿಡಿಸಿ ನೋಡಿದರು.

ಎಲ್ಲಕ್ಕಿಂತ ಹೆಚ್ಚಿನ ಬೆಳಕು ಬೀರುವುದು ನ್ಯೂಯಾರ್ಕಿನ ಪ್ರಯೋಗ. ಹೋಸೆ ಓಲ್ಗಿನ್-ವೇರಾಸ್ ಎಂಬ ಪ್ರಾಧ್ಯಾಪಕರ ನೇತೃತ್ವದಲ್ಲಿ ೨೦೦೯-೧೦ರಲ್ಲಿ ಮ್ಯಾನ್ಹಟನ್ ಭಾಗದಲ್ಲಿ, ಸಂಜೆ ಏಳರಿಂದ ಬೆಳಗ್ಗೆ ಆರರೊಳಗೆ ಸರಕನ್ನು ಪಡೆಯುವ ಪರೀಕ್ಷೆ ನಡೆಯಿತು. ಅಲ್ಲಿಯ ಸಂಶೋಧಕರು ಮುಖ್ಯವಾಗಿ ಕಂಡುಕೊಂಡದ್ದು ಇಷ್ಟು: ಲಾರಿಯವನು ಹಗಲಿನಲ್ಲಿ ಬರುವುದು ಅವನ ಹಟದಿಂದಲ್ಲ, ಸರಕು ಪಡೆಯುವವನು ಹಗಲಿನಲ್ಲಿಯೇ ಬೇಕೆನ್ನುವುದರಿಂದ. ಆದುದರಿಂದ ಲಾರಿಗೆ ಸುಂಕ ಹಾಕಿ ಫಲವಿಲ್ಲ, ಪಡೆಯುವವನ ಮನವೊಲಿಸಬೇಕು. ಅವನಿಗೆ ಧನಸಹಾಯ ಕೊಟ್ಟಾಗ ಅವನು ಒಪ್ಪಿದನು. ಸಹಾಯ ನಿಂತಾಗ, ರಾತ್ರಿ ಆಳನ್ನು ಇರಿಸಿಕೊಳ್ಳಬೇಕಾದವರು ಬಹುಮಟ್ಟಿಗೆ ಹಗಲಿಗೆ ಮರಳಿದರು. ಬೀಗದ ಕೈಯನ್ನು ನಂಬಿಕೆಯಿಂದ ಸಾಗಣೆಯವನಿಗೆ ಒಪ್ಪಿಸಿ, ತಾವಿಲ್ಲದಿರುವಾಗಲೇ ಸರಕನ್ನು ಇಳಿಸಲು ಬಿಟ್ಟವರು ಮಾತ್ರ ಇರುಳಿನ ಪದ್ಧತಿಯನ್ನು ಉಳಿಸಿಕೊಂಡರು. ಅಪ್ಪಣೆಯಿಂದಾಗದುದು, ಹಣದಿಂದಲೂ ಪೂರ್ತಿಯಾಗದುದು, ಅಂಗಡಿಯವನಿಗೂ ಗಾಡಿಯವನಿಗೂ ನಡುವೆ ಬೆಳೆದ ವಿಶ್ವಾಸದಿಂದ ನೆಲೆಗೊಂಡಿತು. ಮೂರನೆಯ ವಿಡಂಬನೆಯಲ್ಲಿ ಇಲ್ಲದ ಸಂಬಂಧ ಇದೇ. ಅಲ್ಲಿ ಒಬ್ಬನು ಬಯ್ಯುತ್ತಾನೆ, ಒಬ್ಬನು ಸನ್ನೆ ಮಾಡುತ್ತಾನೆ. ಇಬ್ಬರೂ ಒಬ್ಬರೊಡನೊಬ್ಬರು ಮಾತಾಡುವುದಿಲ್ಲ.

೮

ಈ ವಿವೇಚನೆಯಿಂದ ಕವನದ ಬೆಲೆ ತಗ್ಗುವುದೆಂದು ಭಾವಿಸಬೇಕಾಗಿಲ್ಲ. ಊರಿನ ಸರಕಿಗೆ ಏರ್ಪಾಡು ಮಾಡುವುದು ವಿಡಂಬನಕಾರನ ಕೆಲಸವಲ್ಲ. ಅಧಿಕಾರಿಯು ಪರಿಹಾರವೆಂದು ತಿಳಿದುದು ಮತ್ತೊಬ್ಬನಿಗೆ ಹೊರೆಯಾಗಿ ಇಳಿದುದನ್ನು ತೋರಿಸುವುದು ಅವನ ಕೆಲಸ; ಅದನ್ನು ಜುವೆನಾಲನಷ್ಟು ತೀವ್ರವಾಗಿ ಮಾಡಿದವರು ವಿರಳ. ಚರಿತ್ರಕಾರನು ಈ ಭಾಗಗಳನ್ನು ಕಾನೂನಿಗೆ ಸಾಕ್ಷಿಯೆಂದು ಮಾತ್ರ ಬಳಸಿದರೆ ಇವು ಕಾನೂನಿನ ವಿಮರ್ಶೆಯೂ ಆಗಿವೆಯೆಂಬುದನ್ನು ಕಳೆದುಕೊಳ್ಳುತ್ತಾನೆ. ಸಾಹಿತ್ಯದ ಉಪಾಧ್ಯಾಯನು ಇವನ್ನು ಬರಿಯ ಅತಿಶಯೋಕ್ತಿಯೆಂದು ಬೋಧಿಸಿದರೆ, ತೊಲೆ ಮತ್ತು ಅಮೃತಶಿಲೆಗಳ ಆಯ್ಕೆಯಲ್ಲಿರುವ ನಿಖರತೆಯನ್ನು ಕಳೆದುಕೊಳ್ಳುತ್ತಾನೆ.

ಕನ್ನಡದ ವಿದ್ಯಾರ್ಥಿಗಳಿಗೆ ಈ ವಿಷಯ ದೂರದ್ದೆಂದು ತೋರಲಾರದು. ಬೆಂಗಳೂರಿನಲ್ಲಿಯೂ ಭಾರವಾದ ಲಾರಿಗಳಿಗೆ ಹಗಲಿನ ದಟ್ಟಣೆಯ ಹೊತ್ತಿನಲ್ಲಿ ಎಡೆಯಿಲ್ಲದುದರಿಂದ, ಮಾರುಕಟ್ಟೆಗೂ ಮಂಡಿಗಳಿಗೂ ಬರುವ ಸರಕಿನ ಬಹುಭಾಗ ಊರು ಮಲಗಿರುವಾಗಲೇ ಬಂದು ಇಳಿಯುತ್ತದೆ; ಹಮಾಲಿಯವರ ದಿನ ಆರಂಭವಾಗುವುದು ಆ ಹೊತ್ತಿನಲ್ಲಿ. ಕವನವನ್ನು ಪಾಠ ಹೇಳುವಾಗ ಉಂಬ್ರಿಸಿಯಸನ ದೂರುಗಳನ್ನು ಎಣಿಸಿ ನಿಲ್ಲಿಸದೆ, ಹತ್ತನೆಯ ಪಂಕ್ತಿಯ ಗಾಡಿಯನ್ನೂ ಇನ್ನೂರಮೂವತ್ತಾರನೆಯ ಪಂಕ್ತಿಯ ಗಾಡಿಗಳನ್ನೂ ಒಂದರ ಪಕ್ಕದಲ್ಲೊಂದು ಇರಿಸಿ ನೋಡಲು ಅವರಿಗೆ ಹೇಳಿಕೊಟ್ಟರೆ, ಬಳಿಕ ಮುನ್ನೂರಹದಿನೇಳನೆಯ ಪಂಕ್ತಿಯಲ್ಲಿ ಬರುವ ಗಾಡಿಯವನು ಅಷ್ಟು ಹೊತ್ತೂ ಏನನ್ನು ಕೇಳಿಸಿಕೊಂಡಿದ್ದಿರಬೇಕೆಂದು ಅವರನ್ನೇ ಕೇಳಿದರೆ, ಕವನದ ಅರ್ಥ ಅವರಿಗೆ ತಾನಾಗಿ ತೆರೆದುಕೊಳ್ಳುವುದು.